ಶಿಬಿರದ ದಿನಸಿ: ಒಂದೇ ದೊಡ್ಡ ಪಾತ್ರೆಯೋ, ತಂಡಕ್ಕೊಂದು ಒಲೆಯೋ?

24 ಮಕ್ಕಳು, ಎರಡು ರಾತ್ರಿ, ಐದು ಹೊತ್ತಿನ ಊಟ. ಈ ಲೆಕ್ಕಕ್ಕೆ ಮೂರು ಕ್ರಮಗಳನ್ನೂ ಬಳಸಿ ನೋಡಿದ್ದೇವೆ: ಎಲ್ಲರಿಗೂ ಒಂದೇ ಅಡುಗೆ; ಎಂಟೆಂಟು ಜನರ ಮೂರು ತಂಡ, ಖರೀದಿಯೂ ಅವರವರದೇ; ಖರೀದಿ ಒಟ್ಟಿಗೆ, ಅಡುಗೆ ಮಾತ್ರ ತಂಡವಾರು.

ಒಂದೇ ಅಡುಗೆಯಾದರೆ ಖರೀದಿ ಸಲೀಸು, ತೊಂದರೆಯೆಲ್ಲ ಒಲೆಯ ಮೇಲೆ. ತಲೆಗೆ 90 ಗ್ರಾಂ ಅಕ್ಕಿ ಹಿಡಿದರೂ 2.16 ಕೆಜಿ ಆಗುತ್ತದೆ. ಸಣ್ಣ ಗ್ಯಾಸ್ ಒಲೆಯ ಉರಿ ಅಗಲ ಪಾತ್ರೆಯ ನಡುವಿಗಷ್ಟೇ ತಾಗುವುದರಿಂದ ತಳ ಸೀದರೂ ಅಂಚಿನ ಅಕ್ಕಿ ಬೆಂದಿರುವುದಿಲ್ಲ. ದೊಡ್ಡ ಪಾತ್ರೆಯಲ್ಲಿ ಆವಿಯಾಗಿ ಹೋಗುವ ನೀರಿನ ಪಾಲೂ ಕಡಿಮೆ. ಮನೆಯಲ್ಲಿ ಲೋಟಕ್ಕೆ ಎರಡು ಲೋಟ ನೀರಿಡುವ ಅಕ್ಕಿಗೆ ಇಲ್ಲಿ ಒಂದೂಮುಕ್ಕಾಲು ಸಾಕು, ಇಲ್ಲದಿದ್ದರೆ ಮುದ್ದೆಯಾಗುತ್ತದೆ. ಇನ್ನೂ ದೊಡ್ಡ ಚಿಂತೆ ಮಿಕ್ಕ ಅನ್ನದ್ದು. ಆಳದ ಪಾತ್ರೆಯಲ್ಲಿ ಅದು ಗಂಟೆಗಟ್ಟಲೆ ಬೆಚ್ಚಗೇ ಇರುತ್ತದೆ, ಕುದಿತಕ್ಕೂ ಸಾಯದ ಬ್ಯಾಕ್ಟೀರಿಯಾ ಬೀಜಾಣುಗಳು ಆಗ ಮೊಳೆತು ವಿಷ ಬಿಡುತ್ತವೆ. ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗದು. ಎರಡು ಗಂಟೆ ಮೀರಿದ ಅನ್ನವನ್ನು ಮಕ್ಕಳಿಗೆ ಬಡಿಸಲೇಬೇಡಿ.

ತಂಡಗಳೇ ಖರೀದಿಸಿದರೆ ಮಕ್ಕಳು ಲೆಕ್ಕ ಕಲಿಯುತ್ತಾರೆ, ನಿಜ. ಆದರೆ ಉಪ್ಪಿನ ಪೊಟ್ಟಣ ಮೂರು ಬಂದಿರುತ್ತದೆ, ಬೆಂಕಿಪೊಟ್ಟಣ ಒಂದೂ ಇರುವುದಿಲ್ಲ. ಯಾರಿಗಾದರೂ ಕಡಲೆಕಾಯಿ ಅಲರ್ಜಿ ಇದ್ದರೆ, ಮೂರು ಚೀಲಗಳಲ್ಲಿ ಏನೇನಿದೆ ಎಂದು ಹೇಳಬಲ್ಲವರೂ ಇರುವುದಿಲ್ಲ.

ನಮ್ಮ ಆಯ್ಕೆ ಮೂರನೆಯದು. ಒಂದೇ ಪಟ್ಟಿ, ಒಂದೇ ಖರೀದಿ. ಆಮೇಲೆ ಮನೆಯಲ್ಲೇ ಹೊತ್ತಿಗೊಂದರಂತೆ ತಂಡಕ್ಕೆ ಐದು ಚೀಲ, ಒಟ್ಟು ಹದಿನೈದು. ಒಂದು ರಾತ್ರಿಯೂಟದ ಚೀಲದಲ್ಲಿ 720 ಗ್ರಾಂ ಅಕ್ಕಿ, 360 ಗ್ರಾಂ ಬೇಳೆ, ಬೇರೆ ಪೊಟ್ಟಣದಲ್ಲಿ 25 ಗ್ರಾಂ ಉಪ್ಪು. ಎಷ್ಟು ಲೋಟ ನೀರು ಎಂಬುದನ್ನು ಚೀಲದ ಮೇಲೆಯೇ ಅಳಿಸದ ಮಾರ್ಕರ್‌ನಲ್ಲಿ ಬರೆಯಿರಿ. ಮೂಲ ಪೊಟ್ಟಣದಿಂದ ಪದಾರ್ಥಗಳ ಪಟ್ಟಿಯನ್ನು ಕತ್ತರಿಸಿ ಒಳಗೆ ಹಾಕಿ. ಅಲರ್ಜಿಯ ಪ್ರಶ್ನೆಗೆ ಅದೇ ಉತ್ತರ. ಎಣ್ಣೆಯನ್ನು ಮಾತ್ರ ಅಕ್ಕಿಯ ಜೊತೆ ಇಡಬೇಡಿ. ತಿರುಪು ಮುಚ್ಚಳದ ಬಾಟಲಿಗೆ ತುಂಬಿ ನೆಟ್ಟಗೆ ನಿಲ್ಲಿಸಿ, ಒಮ್ಮೆ ಸೋರಿದರೆ ಇಡೀ ಚೀಲವೇ ಹಾಳು.

ಇದಕ್ಕೆ ಇಬ್ಬರ ಒಂದು ಸಂಜೆ ಬೇಕು, ಒಲೆಯೂ ಮೂರು ಬೇಕು. ಅದಕ್ಕೆ ತಕ್ಕ ಫಲ ಅಲ್ಲಿ ಸಿಗುತ್ತದೆ: ಎಂಟು ಜನರ ಪಾತ್ರೆ ಬೇಗ ಕುದಿಯುತ್ತದೆ, ಒಂದು ತಂಡದ ಅನ್ನ ಸೀದರೂ ಉಳಿದ ಎರಡು ತಂಡಗಳು ಹಂಚಿ ಬಡಿಸಬಹುದು. ಮಧ್ಯಾಹ್ನಕ್ಕೆ ಒಲೆ ಹಚ್ಚದ ಊಟವೇ ಸಾಕು, ಅದು ಮೂರೂ ತಂಡಕ್ಕೆ ಒಂದೇ ಇರಲಿ.

ಮೊಟ್ಟೆ, ಹಾಲು, ಮಾಂಸ ಏನೇ ಇದ್ದರೂ ಮೊದಲ ರಾತ್ರಿಗೇ ಮುಗಿಸಿ. ಐಸ್ ಪೆಟ್ಟಿಗೆಗೆ ಪುಡಿ ಐಸ್‌ಗಿಂತ ಇಡೀ ಗಡ್ಡೆ ವಾಸಿ, ನಿಧಾನವಾಗಿ ಕರಗುತ್ತದೆ. ಚೀಲಗಳನ್ನು ತುಂಬುವಾಗ ಕೊನೆಯ ಹೊತ್ತಿನದು ತಳಕ್ಕೆ, ಮೊದಲ ರಾತ್ರಿಯದು ಮೇಲಕ್ಕೆ. ಕತ್ತಲಲ್ಲಿ ಗುಡಾರ ಹಾಕುವ ಹೊತ್ತಿಗೆ ಯಾರೂ ಪೆಟ್ಟಿಗೆ ತಡಕಾಡಬೇಕಾಗಿಲ್ಲ.