ಜೆ-20 ವರ್ಷಕ್ಕೆ ಎಷ್ಟು? ನಾಲ್ಕು ದಾರಿಯಲ್ಲಿ ಎಣಿಸಿ ನೋಡಿದೆ

2024ರ ಮೇ ಕೊನೆಯಲ್ಲಿ ಟಿಬೆಟ್‌ನ ಶಿಗಾಟ್ಸೆ ವಿಮಾನ ನಿಲ್ದಾಣದ ಒಂದು ಉಪಗ್ರಹ ಚಿತ್ರ ಹೊರಬಂತು. ರನ್‌ವೇ ಪಕ್ಕದಲ್ಲಿ ಸಾಲಾಗಿ ಆರು ಜೆ-20, ರೇಡಾರ್‌ಗೆ ಸುಲಭವಾಗಿ ಕಾಣದ ಚೀನಾದ ಯುದ್ಧವಿಮಾನಗಳು. ಅಲ್ಲಿಂದ ಸಿಕ್ಕಿಂ ಗಡಿಗೆ 150 ಕಿಲೋಮೀಟರ್ ಕೂಡ ಇಲ್ಲ. ಎಲ್ಲರೂ ಆ ಆರು ವಿಮಾನಗಳ ಬಗ್ಗೆ ಮಾತಾಡಿದರು. ನನ್ನ ತಲೆಯಲ್ಲಿ ಕೂತಿದ್ದು ಬೇರೆ ಪ್ರಶ್ನೆ. ಇವು ಹೊರಟ ಚೆಂಗ್ಡು ಕಾರ್ಖಾನೆಯಲ್ಲಿ ಈ ತಿಂಗಳು ಇನ್ನೆಷ್ಟು ತಯಾರಾಗುತ್ತಿವೆ? ಮುಂದಿನ ತಿಂಗಳು ಎಷ್ಟು?

ಚೀನಾ ಈ ಸಂಖ್ಯೆಯನ್ನು ಹೇಳುವುದಿಲ್ಲ. ಹೊರಗಿನವರು ಅಂದಾಜು ಮಾಡಬೇಕು. ಆ ಅಂದಾಜು ದೊಡ್ಡ ದೊಡ್ಡವರಿಗೂ ತಪ್ಪಿದೆ. 2020ರ ಹೊತ್ತಿಗೆ ಚೀನಾದ ಬಳಿ ಐದನೇ ತಲೆಮಾರಿನ, ಅಂದರೆ ಜೆ-20ಯಂಥ, ಒಂದು ವಿಮಾನವೂ ಇರುವುದಿಲ್ಲ ಎಂದು ಅಮೆರಿಕದ ರಕ್ಷಣಾ ಕಾರ್ಯದರ್ಶಿ ರಾಬರ್ಟ್ ಗೇಟ್ಸ್ 2009ರಲ್ಲಿ ಹೇಳಿದ್ದರು. 2011ರ ಜನವರಿ 11ರಂದು ಅವರು ಬೀಜಿಂಗ್‌ನಲ್ಲಿ ಇದ್ದಾಗಲೇ ಜೆ-20 ಮೊದಲ ಬಾರಿ ಹಾರಿತು. 2017ರಲ್ಲಿ ವಾಯುಪಡೆಗೆ ಸೇರಿತು.

ಎಣಿಸುವ ದಾರಿಗಳು ಹಲವು ಇವೆ. ಪ್ರತಿಯೊಂದಕ್ಕೂ ಅಭಿಮಾನಿಗಳಿದ್ದಾರೆ, ತಮ್ಮದೇ ಸರಿ ಎಂದು ವಾದಿಸುತ್ತಾರೆ. ಹಾಗಾಗಿ ಕೆಲವು ತಿಂಗಳು ಸಂಜೆ ಹೊತ್ತು ಕೂತು ಒಂದೊಂದನ್ನೂ ನಾನೇ ಮಾಡಿ ನೋಡಿದೆ. ಸಾಧ್ಯವಾದ ಕಡೆ ಅದನ್ನೇ ನಮ್ಮ ತೇಜಸ್ ಮೇಲೂ ಹಾಕಿದೆ. ಯಾಕೆಂದರೆ ತೇಜಸ್ ಎಷ್ಟು ತಯಾರಾಗಿದೆ ಎಂದು ನಮಗೆ ಗೊತ್ತು. ಉತ್ತರ ಗೊತ್ತಿರುವ ಲೆಕ್ಕದಲ್ಲಿ ತಾನೇ ಮೊದಲು ತಕ್ಕಡಿಯನ್ನು ಪರೀಕ್ಷಿಸಬೇಕು?

ಮೊದಲು ಹಿಡಿದದ್ದು ಬಾಲದ ಸಂಖ್ಯೆಗಳನ್ನು. ಚೀನಾ ವಾಯುಪಡೆಯ ವಿಮಾನಗಳ ಮೇಲೆ ಐದು ಅಂಕಿ ಇರುತ್ತವೆ. ಮೊದಲ ಸಲ ನೋಡಿದಾಗ ಏನೂ ಅರ್ಥವಾಗುವುದಿಲ್ಲ. ಆದರೆ ಅದರಲ್ಲಿ ಒಂದು ಗುಟ್ಟಿದೆ. ಮೊದಲನೇ, ಎರಡನೇ ಮತ್ತು ನಾಲ್ಕನೇ ಅಂಕಿಯನ್ನು ಒಟ್ಟಿಗೆ ಓದಿ. ಅದರಿಂದ 611 ಕಳೆಯಿರಿ. ಸಿಗುವುದು ಬ್ರಿಗೇಡ್ ಸಂಖ್ಯೆ, ಅಂದರೆ ಆ ವಿಮಾನ ಸೇರಿದ ವಾಯುಪಡೆ ತುಕಡಿಯದು. ಉಳಿದ ಮೂರನೇ ಮತ್ತು ಐದನೇ ಅಂಕಿ ಆ ಬ್ರಿಗೇಡ್‌ನೊಳಗೆ ವಿಮಾನದ ಸಂಖ್ಯೆ.

62001 ತೆಗೆದುಕೊಳ್ಳಿ. 6, 2, 0 ಸೇರಿ 620. ಅದರಿಂದ 611 ಕಳೆದರೆ 9. ಅಂದರೆ ಆನ್‌ಹುಯಿ ಪ್ರಾಂತ್ಯದ ವುಹುದಲ್ಲಿರುವ 9ನೇ ಬ್ರಿಗೇಡ್. ಉಳಿದ ಅಂಕಿಗಳು 0 ಮತ್ತು 1. ಅಲ್ಲಿನ ಮೊದಲ ವಿಮಾನ. ಇದನ್ನು ಮೊದಲ ಸಲ ಪೆನ್ಸಿಲ್ ಹಿಡಿದು ಬಿಡಿಸಿದಾಗ ನನಗೆ ಆದ ಖುಷಿ ಹೇಳತೀರದು. ಅಂಗೈಯಗಲದ ಚಿತ್ರದಿಂದ ವಿಮಾನದ ಊರು ಗೊತ್ತಾಗುತ್ತದೆ!

ಈಗ 78271 ನೋಡಿ. 787ರಿಂದ 611 ಕಳೆದರೆ 176. ಇದು ಗೋಬಿ ಮರುಭೂಮಿಯ ಅಂಚಿನ ಡಿಂಗ್‌ಸಿನ್‌ನಲ್ಲಿರುವ ಪರೀಕ್ಷೆ ಮತ್ತು ತರಬೇತಿಯ ಬ್ರಿಗೇಡ್. ಉಳಿದದ್ದು 21. ಹಾಗಾದರೆ ಅಲ್ಲಿ 21 ಜೆ-20 ಇವೆಯಾ? ಇಲ್ಲ. ಆ ಬ್ರಿಗೇಡ್‌ನಲ್ಲಿ ಬೇರೆ ಬೇರೆ ಜಾತಿಯ ವಿಮಾನಗಳಿವೆ. ಜೆ-20ಗಳ ಸರಣಿ 01ರಿಂದ ಶುರುವಾಗಲೇ ಇಲ್ಲ. ದೊಡ್ಡ ಸಂಖ್ಯೆ ಕಂಡ ಕೂಡಲೇ ಅಷ್ಟು ವಿಮಾನ ಇವೆ ಎಂದು ಬರೆದುಬಿಡುವವರು ಎಡವುವುದು ಇಲ್ಲೇ.

ಈ ದಾರಿಯ ನಿಜವಾದ ಬಲ ಇರುವುದು ಒಂದೊಂದು ವಿಮಾನ ಎಣಿಸುವುದರಲ್ಲಲ್ಲ, ಬ್ರಿಗೇಡ್ ಎಣಿಸುವುದರಲ್ಲಿ. ಒಂದು ಬ್ರಿಗೇಡ್ ಎಂದರೆ ಸುಮಾರು 24 ವಿಮಾನ. ಮೊದಲು ಡಿಂಗ್‌ಸಿನ್, ಕಾಂಗ್‌ಝೌಗಳಂಥ ಪರೀಕ್ಷೆ, ತರಬೇತಿಯ ನೆಲೆಗಳು. ಆಮೇಲೆ ವುಹು. 2021ರ ಹೊತ್ತಿಗೆ ಈಶಾನ್ಯದ ಆನ್‌ಶಾನ್‌ನಲ್ಲಿ 1ನೇ ಬ್ರಿಗೇಡ್. ಮುಂದೆ ದಕ್ಷಿಣದ ಗುಯಿಲಿನ್. ಅಲ್ಲಿಂದ ಮುಂದೆ ಹೊಸ ಹೆಸರುಗಳು ಬೇಗ ಬೇಗ ಬರತೊಡಗಿದವು. 2024ರ ಹೊತ್ತಿಗೆ ಜೆ-20 ಪಡೆದ ಬ್ರಿಗೇಡ್‌ಗಳು ಹತ್ತನ್ನು ದಾಟಿದವು. ವೇಗ ಹೆಚ್ಚಿದ್ದು ಯಾವಾಗ ಎನ್ನುವುದು ಈ ಪಟ್ಟಿಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಕೊರತೆಯೂ ಇದೆ. ಅಧಿಕೃತ ಚಿತ್ರಗಳಲ್ಲಿ ಎಷ್ಟೋ ಸಲ ಸಂಖ್ಯೆಯನ್ನೇ ಅಳಿಸಿರುತ್ತಾರೆ. ಹಳೆಯ ವಿಮಾನ ಬಿಟ್ಟು ಹೊಸದಕ್ಕೆ ಬದಲಾಗಲು ಒಂದು ಬ್ರಿಗೇಡ್‌ಗೆ ತಿಂಗಳುಗಟ್ಟಲೆ ಹಿಡಿಯುತ್ತದೆ. ನಾಲ್ಕು ವಿಮಾನ ಬಂದಾಗಲೂ ಅದು ಪಟ್ಟಿಗೆ ಸೇರುತ್ತದೆ, 24 ತುಂಬಿದಾಗಲೂ ಅದೇ ಹೆಸರು. ಹಾಗಾಗಿ ನಾನು ಹೊಸ ಬ್ರಿಗೇಡನ್ನು ಅರ್ಧ ಎಂದು ಲೆಕ್ಕ ಹಿಡಿಯುತ್ತೇನೆ. ಒಂದು ವರ್ಷ ಕಳೆದ ಮೇಲೆ ಪೂರ್ತಿ. ಇದು ನನ್ನದೇ ಅಭ್ಯಾಸ, ನಿಯಮವಲ್ಲ.

ಎರಡನೇ ದಾರಿ ಕಾರ್ಖಾನೆ ಹಾಕುವ ತಯಾರಿ ಸಂಖ್ಯೆ. ಬಾಲದ ಸಂಖ್ಯೆ ವಾಯುಪಡೆ ಕೊಡುವುದು, ಬದಲಾಗಬಹುದು. ತಯಾರಿ ಸಂಖ್ಯೆ ಹುಟ್ಟಿನ ಜೊತೆ ಬಂದದ್ದು. ಯಾವ ಕಂತು, ಆ ಕಂತಿನಲ್ಲಿ ಎಷ್ಟನೆಯದು ಎಂದು ಅದು ಹೇಳುತ್ತದೆ. ಅಕ್ಷರ ತುಂಬಾ ಚಿಕ್ಕದು. ಚೀನಾದ ಝುಹಾಯ್‌ನಲ್ಲಿ ನಡೆದ 2022ರ ವಿಮಾನ ಪ್ರದರ್ಶನದಲ್ಲಿ ಜೆ-20ಗಳು ಜನರ ಮುಂದೆಯೇ ನೆಲದ ಮೇಲೆ ನಿಂತ ಮೇಲೆ ಹತ್ತಿರದ ಚಿತ್ರಗಳು ಸಿಗತೊಡಗಿದವು.

ಇದರ ಗಣಿತ ಎರಡನೇ ಮಹಾಯುದ್ಧದ್ದು. ಹಾಳಾದ ಜರ್ಮನ್ ಟ್ಯಾಂಕ್‌ಗಳ ಬಿಡಿಭಾಗದ ಸಂಖ್ಯೆಗಳನ್ನು ನೋಡಿ, ತಿಂಗಳಿಗೆ ಎಷ್ಟು ಟ್ಯಾಂಕ್ ತಯಾರಾಗುತ್ತಿದೆ ಎಂದು ಮಿತ್ರಪಕ್ಷದ ಲೆಕ್ಕಿಗರು ಅಂದಾಜು ಮಾಡಿದರು. 1942ರ ಆಗಸ್ಟ್‌ಗೆ ಗೂಢಚಾರರ ವರದಿ 1550 ಎಂದಿತ್ತು. ಲೆಕ್ಕಿಗರು 327 ಎಂದರು. ಯುದ್ಧ ಮುಗಿದ ಮೇಲೆ ಜರ್ಮನ್ ದಾಖಲೆ ತೆಗೆದು ನೋಡಿದರೆ 342! ಈ ಕಥೆ ಓದಿದಾಗಲೆಲ್ಲ ನನಗೆ ಮೈ ಜುಮ್ ಎನ್ನುತ್ತದೆ.

ಸೂತ್ರ ಸುಲಭ. ನೀವು ಕಂಡ ಅತಿ ದೊಡ್ಡ ಸಂಖ್ಯೆಗೆ, ಅದನ್ನೇ ಎಷ್ಟು ಸಂಖ್ಯೆ ಕಂಡಿರೋ ಅಷ್ಟರಿಂದ ಭಾಗಿಸಿದ್ದನ್ನು ಕೂಡಿಸಿ, ಒಂದು ಕಳೆಯಿರಿ. ಒಂದು ಕಂತಿನ ಐದು ವಿಮಾನ ಕಂಡವು, ಅದರಲ್ಲಿ ದೊಡ್ಡದು 60 ಎಂದುಕೊಳ್ಳಿ. 60ಕ್ಕೆ 12 ಕೂಡಿಸಿ ಒಂದು ಕಳೆದರೆ 71. ಆ ಕಂತು ಸುಮಾರು 71 ವಿಮಾನದ್ದು.

ತೇಜಸ್ ಮೇಲೆ ಇದನ್ನು ಹಾಕಿದಾಗ ಒಳ್ಳೆಯ ಪಾಠ ಸಿಕ್ಕಿತು. ಒಂದೇ ಆಸನದ ತೇಜಸ್‌ಗಳು ಎಲ್‌ಎ-5001ರಿಂದ ಶುರುವಾಗುತ್ತವೆ. ಅದರ ಸುಧಾರಿತ ರೂಪವಾದ ಮಾರ್ಕ್ 1ಎಯ ಮೊದಲ ವಿಮಾನ ಎಲ್‌ಎ-5033. ಹಾಗಾದರೆ ಅದಕ್ಕೂ ಮೊದಲು 32. ಆದರೆ ಆರಂಭದ ಆರ್ಡರ್ 40. ಉಳಿದ ಎಂಟು ಎಲ್ಲಿ? ಅವು ಎರಡು ಆಸನದ ತರಬೇತಿ ವಿಮಾನಗಳು. ಅವಕ್ಕೆ ಎಲ್‌ಟಿ-5201ರಿಂದ ಬೇರೆಯೇ ಸರಣಿ. ಸೂತ್ರದಲ್ಲಿ ತಪ್ಪಿಲ್ಲ, ಆದರೂ ಐದರಲ್ಲಿ ಒಂದು ವಿಮಾನ ಕೈತಪ್ಪಿತು. ಚೆಂಗ್ಡುವಿನಲ್ಲೂ ಈಗ ಒಂದು ಆಸನದ ಜೆ-20, ಬದಲಾದ ಜೆ-20ಎ, ಎರಡು ಆಸನದ ಜೆ-20ಎಸ್ ಮೂರೂ ತಯಾರಾಗುತ್ತಿವೆ. ಯಾವುದು ಯಾವ ಸರಣಿಯಲ್ಲಿ ಬರುತ್ತದೆ ಎಂದು ಬೇರ್ಪಡಿಸದೆ ಕೂಡಿಸಿದರೆ ಅದೇ ತಪ್ಪು ಆಗುತ್ತದೆ.

ತೇಜಸ್‌ನಿಂದ ಇನ್ನೊಂದೂ ಕಲಿತೆ. ಎಲ್‌ಎ-5033 ಬೆಂಗಳೂರಿನಲ್ಲಿ 2024ರ ಮಾರ್ಚ್ 28ರಂದು ಹಾರಿತು. ಆದರೆ ಮಾರ್ಕ್ 1ಎಗಾಗಿ ತರಿಸಿದ 99 ಎಂಜಿನ್‌ಗಳಲ್ಲಿ ಮೊದಲನೆಯದು ಅಮೆರಿಕದಿಂದ ಹೊರಟದ್ದು 2025ರ ಮಾರ್ಚ್‌ನಲ್ಲಿ. ವಿಮಾನದ ಮೈ ತಯಾರಾಗುವುದು ಬೇರೆ, ಸ್ಕ್ವಾಡ್ರನ್‌ಗೆ ಸೇರುವುದು ಬೇರೆ. ಅಮೆರಿಕದ ಯುದ್ಧವಿಮಾನ ಎಫ್-35ರಲ್ಲೂ ಹೀಗೇ ಆಯಿತು. 2023ರ ಜುಲೈಯಿಂದ ಒಂದು ವರ್ಷ ಹೊಸ ವಿಮಾನಗಳನ್ನು ಅಮೆರಿಕದ ಸೇನೆ ತೆಗೆದುಕೊಳ್ಳಲಿಲ್ಲ. ಕಾರ್ಖಾನೆ ಮಾತ್ರ ಓಡುತ್ತಲೇ ಇತ್ತು, ವಿಮಾನಗಳು ಸಾಲುಗಟ್ಟಿ ನಿಂತವು. ಆ ವರ್ಷದ ಉತ್ಪಾದನೆ ಎಷ್ಟು ಎಂದು ಕೇಳಿದರೆ ಎರಡು ಉತ್ತರ, ಎರಡೂ ಸರಿ. ಜೆ-20 ಬಗ್ಗೆ ನಡೆಯುವ ಜಗಳಗಳಲ್ಲಿ ಅರ್ಧದಷ್ಟರಲ್ಲಿ ಒಬ್ಬರು ತಯಾರಿಯನ್ನೂ ಇನ್ನೊಬ್ಬರು ಹಸ್ತಾಂತರವನ್ನೂ ಎಣಿಸುತ್ತಿರುತ್ತಾರೆ.

ಮೂರನೇ ದಾರಿ ಉಪಗ್ರಹ ಚಿತ್ರ. ನನಗೆ ಇದರ ಮೇಲೇ ಜಾಸ್ತಿ ನಂಬಿಕೆ ಇತ್ತು. ಕಣ್ಣಾರೆ ಕಾಣುತ್ತದಲ್ಲ! ಚೆಂಗ್ಡು ನಗರದ ಪಶ್ಚಿಮಕ್ಕೆ ಹುವಾಂಗ್‌ಟಿಯಾನ್‌ಬಾ ಎಂಬ ಕಡೆ ಕಾರ್ಖಾನೆ, ಪಕ್ಕದಲ್ಲೇ ರನ್‌ವೇ. ಉಚಿತವಾಗಿ ಸಿಗುವ ಸೆಂಟಿನೆಲ್-2 ಚಿತ್ರಗಳು ಐದು ದಿನಕ್ಕೊಮ್ಮೆ ಬರುತ್ತವೆ. ಆದರೆ ಒಂದು ಚುಕ್ಕೆ ಎಂದರೆ ನೆಲದ ಮೇಲೆ 10 ಮೀಟರ್. ಜೆ-20 ಉದ್ದ ಸುಮಾರು 21 ಮೀಟರ್. ಎರಡು ಚುಕ್ಕೆಯಲ್ಲಿ ವಿಮಾನ ಗುರುತಿಸುವುದು ಹೇಗೆ?

ಅದಕ್ಕಿಂತ ದೊಡ್ಡ ತೊಂದರೆ ಮೋಡ. ಚೆಂಗ್ಡು ಇರುವ ಸಿಚುವಾನ್ ಪ್ರಾಂತ್ಯದ ನಾಯಿಗಳು ಸೂರ್ಯನನ್ನು ಕಂಡರೆ ಬೊಗಳುತ್ತವೆ ಎಂದು ಚೀನಾದಲ್ಲಿ ಹಳೆಯ ಮಾತಿದೆ. ಅಲ್ಲಿ ಬಿಸಿಲು ಅಷ್ಟು ಅಪರೂಪ. ಚೆಂಗ್ಡುವಿನ ಒಂದು ಸ್ವಚ್ಛ ಚಿತ್ರಕ್ಕಾಗಿ ವಾರಗಟ್ಟಲೆ ಕಾದು ನೋಡಿದ ನನಗೆ ಆ ಮಾತು ಅಕ್ಷರಶಃ ನಿಜ ಅನ್ನಿಸಿತು.

ಗೂಗಲ್ ಅರ್ಥ್‌ನ ಹಳೆಯ ಚಿತ್ರಗಳು ಇನ್ನೂ ಚೆನ್ನಾಗಿವೆ. ಅಲ್ಲಿ ಅಳತೆಪಟ್ಟಿ ಹಿಡಿಯಬಹುದು. ಇದೇ ಕಾರ್ಖಾನೆಯಲ್ಲಿ ತಯಾರಾಗುವ ಜೆ-10 ಉದ್ದ ಸುಮಾರು 17 ಮೀಟರ್, ಆದ್ದರಿಂದ ಬೇರೆ ಮಾಡಬಹುದು. ಬಣ್ಣ ಬಳಿಯದ ಹಳದಿ ಮೈಯ ವಿಮಾನ ಕಂಡರೆ ಅದು ಹೊಸದು. ಇಷ್ಟೆಲ್ಲ ಮಾಡಿದ ಮೇಲೂ ನಾನು ಸಿಕ್ಕಿಹಾಕಿಕೊಂಡದ್ದು ಒಂದು ಸರಳ ವಿಷಯದಲ್ಲಿ. ಅಂಗಳದಲ್ಲಿ 12 ವಿಮಾನ ನಿಂತಿವೆ ಎಂದುಕೊಳ್ಳಿ. ಪ್ರತಿಯೊಂದೂ ಒಂದು ತಿಂಗಳು ಅಲ್ಲಿದ್ದು ಹೋದರೆ ತಿಂಗಳಿಗೆ 12 ಹೊರಬರುತ್ತಿವೆ. ಎರಡು ತಿಂಗಳು ನಿಂತರೆ ತಿಂಗಳಿಗೆ ಆರೇ. ಚಿತ್ರ ಒಂದೇ, ಉತ್ತರ ದುಪ್ಪಟ್ಟು. ಒಂದು ವಿಮಾನ ಅಂಗಳದಲ್ಲಿ ಎಷ್ಟು ದಿನ ಇರುತ್ತದೆ ಎನ್ನುವುದು ಗೊತ್ತಿಲ್ಲದೆ ಅಂಗಳ ಎಣಿಸುವುದು ಕೆರೆಯ ನೀರು ನೋಡಿ ತೂಬಿನ ಹರಿವು ಹೇಳಿದ ಹಾಗೆ. ಹೊಸ ಕಟ್ಟಡ ಎದ್ದಿದೆಯೇ, ಚಾವಣಿ ಎಷ್ಟು ದೊಡ್ಡದಾಗಿದೆ ಎಂದು ತಿಳಿಯಲು ಮಾತ್ರ ಈಗ ಇದನ್ನು ಬಳಸುತ್ತೇನೆ.

ನಾಲ್ಕನೆಯದು ಎಂಜಿನ್ ಲೆಕ್ಕ. ಒಂದು ಜೆ-20ಗೆ ಎರಡು ಎಂಜಿನ್. ವರ್ಷಕ್ಕೆ 100 ವಿಮಾನ ಎಂದರೆ 200 ಎಂಜಿನ್, ಬದಲಿ ಎಂಜಿನ್ ಬೇರೆ. ಮೊದಲಿನ ವಿಮಾನಗಳಲ್ಲಿ ಇದ್ದದ್ದು ರಷ್ಯಾದ ಎಎಲ್-31. ಆಮೇಲೆ ಚೀನಾದ್ದೇ ಆದ ಡಬ್ಲ್ಯುಎಸ್-10 ಬಂತು, 2021ರ ಝುಹಾಯ್‌ನಲ್ಲಿ ಎಲ್ಲರೂ ನೋಡಿದರು. ಆದರೆ ಚೀನಾದ ಬೇರೆ ಯುದ್ಧವಿಮಾನಗಳಾದ ಜೆ-16, ಜೆ-10ಸಿಗೂ ಇದೇ ಕುಟುಂಬದ ಎಂಜಿನ್ ಬೇಕು. ಹಂಚಿಕೆ ಹೇಗೆ ಎಂದು ತಿಳಿಯದ ಕಾರಣ ಈ ಲೆಕ್ಕದಿಂದ ಸಂಖ್ಯೆ ಬರುವುದಿಲ್ಲ. ಆದರೂ ಒಂದು ಉಪಯೋಗ ಆಯಿತು. ರಷ್ಯಾದ ಎಂಜಿನ್ ಬಿಟ್ಟ ಕಾಲವೂ ಬ್ರಿಗೇಡ್ ಪಟ್ಟಿ ಉದ್ದವಾಗತೊಡಗಿದ ಕಾಲವೂ ಹೊಂದುತ್ತವೆ. ವೇಗ ಯಾಕೆ ಹೆಚ್ಚಿತು ಎನ್ನುವುದಕ್ಕೆ ಇದೇ ಕಾರಣ ಎಂದು ನನ್ನ ನಂಬಿಕೆ.

ಮೆರವಣಿಗೆಯಲ್ಲಿ ಹಾರಿದ ವಿಮಾನ ಎಣಿಸುವವರೂ ಇದ್ದಾರೆ. 2017ರ ಜುಲೈಯಲ್ಲಿ ಮೂರು, 2019ರ ಅಕ್ಟೋಬರ್ 1ಕ್ಕೆ ಐದು, 2021ರ ಜುಲೈ 1ಕ್ಕೆ ಹದಿನೈದು. ಇಷ್ಟಾದರೂ ಇವೆ ಎಂದು ತಿಳಿಯುತ್ತದೆ, ಅಷ್ಟೇ.

ನನ್ನ ಆಯ್ಕೆ ಕೇಳಿದರೆ, ಒಟ್ಟು ಎಷ್ಟು ತಯಾರಾಗಿವೆ ಎನ್ನಲು ತಯಾರಿ ಸಂಖ್ಯೆಯೇ ಮೊದಲು. ವೇಗ ಏರುತ್ತಿದೆಯೋ ಇಳಿಯುತ್ತಿದೆಯೋ ಎನ್ನಲು ಬ್ರಿಗೇಡ್ ಪಟ್ಟಿ. ಇವೆರಡನ್ನೂ ಪಕ್ಕಪಕ್ಕ ಇಟ್ಟಾಗ ಬರುವ ವ್ಯತ್ಯಾಸವೇ ಬಹಳ ಹೇಳುತ್ತದೆ. ತಯಾರಾಗಿ ಇನ್ನೂ ಯಾವ ಬ್ರಿಗೇಡ್‌ಗೂ ತಲುಪದ ವಿಮಾನಗಳು ಅದರಲ್ಲಿವೆ. ಉಪಗ್ರಹ ಚಿತ್ರವನ್ನು ಮೂರನೇ ಸ್ಥಾನಕ್ಕೆ ಇಳಿಸಲು ನನಗೆ ಬೇಜಾರಾಯಿತು, ಆದರೆ ಅದು ಅಲ್ಲೇ ಇರಬೇಕು.

ಒಂದು ಎಚ್ಚರಿಕೆ. 2025ರ ಹೊತ್ತಿಗೆ ಒಟ್ಟು 300ರ ಆಸುಪಾಸು ಎಂದು ಹೊರಗಿನ ವಿಶ್ಲೇಷಕರು ಹೇಳುತ್ತಾರೆ. ಕೆಲವರು ಅದನ್ನು ಎಂಟು ವರ್ಷದಿಂದ ಭಾಗಿಸಿ, ವರ್ಷಕ್ಕೆ 38 ತಾನೇ ಎಂದು ಸಮಾಧಾನ ಪಡುತ್ತಾರೆ. ಇದು ತಪ್ಪು. ಮೊದಲ ವರ್ಷಗಳಲ್ಲಿ ಬಂದದ್ದು ಬೆರಳೆಣಿಕೆ. ಬಹುಪಾಲು ಬಂದದ್ದು 2021ರ ನಂತರ. ಈಗಿನ ವೇಗ ವರ್ಷಕ್ಕೆ 100ರಿಂದ 120 ಎಂಬ ಅಂದಾಜುಗಳು ಓಡಾಡುತ್ತಿವೆ. ನನ್ನ ಬ್ರಿಗೇಡ್ ಪಟ್ಟಿ ಅಷ್ಟು ಹೇಳುವುದಿಲ್ಲ, ಸ್ವಲ್ಪ ಕೆಳಗೇ ನಿಲ್ಲುತ್ತದೆ. ಆದರೆ ಅದು ಹಸ್ತಾಂತರವನ್ನು ತಡವಾಗಿ ತೋರಿಸುವ ಪಟ್ಟಿ. ಆದ್ದರಿಂದ 100 ಎಂಬುದನ್ನು ನಾನು ತಳ್ಳಿಹಾಕುವುದಿಲ್ಲ. ಎಫ್-35 ಕಾರ್ಖಾನೆಗಳ ಗುರಿ ವರ್ಷಕ್ಕೆ 156, ಅದೂ ಹತ್ತಾರು ದೇಶಗಳಿಗೆ ಹಂಚುವುದಕ್ಕೆ. ಅಮೆರಿಕದ ಇನ್ನೊಂದು ಯುದ್ಧವಿಮಾನ ಎಫ್-22, ಪರೀಕ್ಷೆಯವು ಬಿಟ್ಟರೆ, 187ಕ್ಕೇ ನಿಂತಿತು.

ನಮ್ಮ ವಾಯುಪಡೆಗೆ ಮಂಜೂರಾದ ಸ್ಕ್ವಾಡ್ರನ್ 42. 2025ರ ಸೆಪ್ಟೆಂಬರ್ 26ರಂದು ಮಿಗ್-21 ನಿವೃತ್ತಿಯಾದ ಮೇಲೆ ಉಳಿದದ್ದು 29. ಆದ್ದರಿಂದ ಈ ಲೆಕ್ಕ ನನಗೆ ಸುಮ್ನೆ ಹವ್ಯಾಸವಲ್ಲ.

ಈಗ ಪಟ್ಟಿಗೆ ಹೊಸ ಕಾಲಂ ಸೇರಿಸಿದ್ದೇನೆ. 2025ರ ಸೆಪ್ಟೆಂಬರ್ 3ರ ಬೀಜಿಂಗ್ ಮೆರವಣಿಗೆಯಲ್ಲಿ ಜೆ-20, ಜೆ-20ಎ, ಜೆ-20ಎಸ್ ಮೂರೂ ಹಾರಿದವು. ಮೂರಕ್ಕೂ ಬೇರೆ ಬೇರೆ ಸಾಲು ಹಾಕಿದ್ದೇನೆ. ಎಲ್‌ಟಿ-5201ರ ತಪ್ಪು ಇಲ್ಲಿ ಮತ್ತೆ ಆಗಬಾರದು.