ಹ್ಯಾರಿನಾ, ಚಾರ್ಲಿ ಮಾವನಾ?

ಶಿವಮೊಗ್ಗದಲ್ಲಿ ಜಡಿಮಳೆ. ಭಾನುವಾರ ಒಂದೇ ಸಿನಿಮಾಕ್ಕೆ ಪುರುಸೊತ್ತು. ಯಾವ ಖಳನನ್ನು ಮನೆಗೆ ಕರೆಯೋಣ?

‘ದಿ ಥರ್ಡ್ ಮ್ಯಾನ್’ (1949) ಚಿತ್ರದ ಹ್ಯಾರಿ ಲೈಮ್, ಯುದ್ಧ ಮುಗಿದ ವಿಯೆನ್ನಾದಲ್ಲಿ ಕಲಬೆರಕೆ ಪೆನಿಸಿಲಿನ್ ಮಾರುತ್ತಾನೆ. ಮಕ್ಕಳು ಸಾಯುತ್ತಾರೆ. ಅವನಿಗೆ ಬೇಕಾದದ್ದು ದುಡ್ಡು, ಅಷ್ಟೇ. ಜೈಂಟ್ ವೀಲ್ ಮೇಲಿಂದ ನೋಡಿದರೆ ಜನ ಅವನಿಗೆ ಬರೀ ಚುಕ್ಕೆಗಳು.

‘ಶಾಡೋ ಆಫ್ ಎ ಡೌಟ್’ (1943) ಚಿತ್ರದ ಚಾರ್ಲಿ ಬೇರೆ ಥರ. ದುಡ್ಡಿರುವ ವಿಧವೆಯರನ್ನು ಕೊಲ್ಲುತ್ತಾನೆ. ಆದರೆ ನನಗನ್ನಿಸುವಂತೆ ಅಲ್ಲಿ ಆಸೆಗಿಂತ ದ್ವೇಷವೇ ಜಾಸ್ತಿ. ಅಕ್ಕನ ಮನೆಗೆ ಉಡುಗೊರೆ ಹೊತ್ತು ಬರುತ್ತಾನೆ. ನಮ್ಮ ಮಲೆನಾಡಿಗೆ ಇಂಥ ಮಾವ ಬಂದಿದ್ದರೂ ಜಗಲಿಯಲ್ಲಿ ಕೂರಿಸಿ ಕಡುಬು ಬಡಿಸುತ್ತಿದ್ದೆವು, ಅಲ್ವಾ? ಅವನನ್ನು ಕೆಡಿಸುವುದು ಜಂಬ. ತಾನು ಕೊಂದ ವಿಧವೆಯ ಉಂಗುರವನ್ನೇ ಅಕ್ಕನ ಮಗಳಿಗೆ ಕೊಡುತ್ತಾನೆ. ಒಳಗೆ ಕೆತ್ತಿದ ಅಕ್ಷರ ಹಾಗೇ ಇದೆ!

ತಮಾಷೆ ಏನೆಂದರೆ, ಚಾರ್ಲಿಯಾದ ಜೋಸೆಫ್ ಕಾಟನ್ನೇ ಇನ್ನೊಂದರಲ್ಲಿ ಹ್ಯಾರಿಯನ್ನು ನಂಬಿ ಮೋಸಹೋಗುವ ಗೆಳೆಯ.

ಹ್ಯಾರಿ ತೆರೆಗೆ ಬರುವುದೇ ತಡವಾಗಿ. ಮನೆಮಂದಿ ಜೊತೆ ಕೂತು ನೋಡುವುದಾದರೆ ನನ್ನ ಓಟು ಚಾರ್ಲಿಗೆ. ರಾತ್ರಿ ಒಬ್ಬರೇ ಇದ್ದರೆ ಹ್ಯಾರಿಯನ್ನೇ ಹಾಕಿ, ಮಳೆ ಸದ್ದಿಗೆ ಅವನ ಮೋಡಿ ಚೆನ್ನಾಗಿ ಹೊಂದುತ್ತದೆ.