ಒಂದು ಬೇಸಿಗೆ, ಐದು ಓದುಗರು, ಮೂರು ಗುಟ್ಟಿನ ಕಾದಂಬರಿಗಳು

ಏಪ್ರಿಲ್ ಬಂದರೆ ಕಲಬುರಗಿಯಲ್ಲಿ ಮಧ್ಯಾಹ್ನ ಹನ್ನೆರಡರ ಮೇಲೆ ಯಾರೂ ಹೊರಗೆ ಕಾಲಿಡುವುದಿಲ್ಲ. ಊಟ ಮುಗಿಸಿ ಕೂಲರ್ ಹಚ್ಚಿ, ಕದ ಹಾಕಿಕೊಂಡು ಕೂತರೆ ಮತ್ತೆ ಎದ್ದೇಳುವುದು ಐದು ಗಂಟೆಗೇ. ಓದುವವರಿಗೆ ಇದಕ್ಕಿಂತ ಒಳ್ಳೆ ಹೊತ್ತು ವರ್ಷದಲ್ಲಿ ಮತ್ತೊಂದಿಲ್ಲ. ಈ ಸಲ ನಾವು ಐದು ಮಂದಿ ಸೇರಿ ಒಂದು ಒಪ್ಪಂದ ಮಾಡಿಕೊಂಡೆವು. ಸಂಚು, ಸಂಕೇತ, ಬೆನ್ನಟ್ಟುವಿಕೆ ಇರುವ ಮೂರು ಕಾದಂಬರಿಗಳನ್ನು ಎಲ್ಲರೂ ಓದಬೇಕು. ಪುಸ್ತಕ ಯಾವ ಜಾಗದಲ್ಲಿ ಕೆಳಗಿಟ್ಟೆವು ಅನ್ನುವುದನ್ನು ಬರೆದಿಡಬೇಕು. ವಾರ ಬಿಟ್ಟು, ಪುಸ್ತಕ ನೋಡದೆ ಕಥೆ ಹೇಳಬೇಕು. ಲೆಕ್ಕ ಇಡುವ ಕೆಲಸ ನನ್ನದು.

ಐದು ಮಂದಿ ಅಂದರೆ ನಾನು, ಪಿಯುಸಿ ಮುಗಿಸಿದ ನನ್ನ ಮಗಳು, ಗಣಿತದ ಮಾಸ್ತರರಾಗಿ ನಿವೃತ್ತರಾದ ನಮ್ಮ ಕಾಕಾ, ಎದುರು ಮನೆಯಲ್ಲಿ ಬಟ್ಟೆ ಹೊಲಿಯುವ ಅಕ್ಕ, ಬೀದರಿನಿಂದ ಬಂದು ಇಲ್ಲೇ ನರ್ಸ್ ಆಗಿರುವ ಗೆಳತಿ. ಪುಸ್ತಕಗಳು ಡ್ಯಾನ್ ಬ್ರೌನ್ ಅವರ 'ದ ಡಾ ವಿಂಚಿ ಕೋಡ್', ಪೂರ್ಣಚಂದ್ರ ತೇಜಸ್ವಿಯವರ 'ಜುಗಾರಿ ಕ್ರಾಸ್', ಕೆ.ಎನ್. ಗಣೇಶಯ್ಯನವರ 'ಕನಕ ಮುಸುಕು'.

ಮೊದಲು ಎತ್ತಿಕೊಂಡದ್ದು ಡಾ ವಿಂಚಿ ಕೋಡ್. 2003ರಲ್ಲಿ ಬಂದ ಪುಸ್ತಕ, 105 ಅಧ್ಯಾಯಗಳು. ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂನಲ್ಲಿ ರಾತ್ರಿ ಒಂದು ಕೊಲೆ. ಸಾಯುವವನು ನೆಲದ ಮೇಲೆ ಅಂಕಿಗಳನ್ನು ಬರೆದು ಸತ್ತಿರುತ್ತಾನೆ. ಅಲ್ಲಿಂದ ಹಿಡಿದ ಓಟ ನಿಲ್ಲುವುದೇ ಇಲ್ಲ. ಮಗಳು ಎರಡು ಮಧ್ಯಾಹ್ನದಲ್ಲಿ ಮುಗಿಸಿದಳು. ನಾನು ರಾತ್ರಿ ಎರಡರವರೆಗೆ ಓದಿ ಮರುದಿನ ಡ್ಯೂಟಿಯಲ್ಲಿ ತೂಕಡಿಸಿದೆ. ಅಧ್ಯಾಯಗಳು ಬಹಳ ಚಿಕ್ಕವು. ಒಂದೊಂದರ ಕೊನೆಗೂ ಕೊಕ್ಕೆ. ಇನ್ನೊಂದೇ ಅಧ್ಯಾಯ ಓದಿ ಮಲಗೋಣ ಅಂದುಕೊಳ್ಳುತ್ತ ಇಪ್ಪತ್ತು ಓದಿರುತ್ತೇವೆ. ಓಡಿಸುವ ಕಲೆಯಲ್ಲಿ ಈ ಪುಸ್ತಕಕ್ಕೆ ಸಾಟಿ ಇಲ್ಲ. ಅದನ್ನು ಮನಸ್ಸು ಬಿಚ್ಚಿ ಒಪ್ಪುತ್ತೇನೆ.

ಆದರೆ ಆ ಕೊಕ್ಕೆ ಹೇಗೆ ಮಾಡಿದ್ದು ಅಂತ ಮೊದಲು ಕಂಡುಹಿಡಿದವರು ನಮ್ಮ ಎದುರು ಮನೆ ಅಕ್ಕ. ಅವರಿಗೆ ಇಂಗ್ಲಿಷ್ ನಿಧಾನ. ದಿನಕ್ಕೆ ಮೂರೋ ನಾಲ್ಕೋ ಅಧ್ಯಾಯ, ಅಡ್ಡ ಬಂದ ಶಬ್ದಕ್ಕೆ ನನ್ನ ಮಗಳನ್ನು ಕೇಳುತ್ತ ಓದಿದರು. ನಾವೆಲ್ಲ ಓಡುತ್ತ ದಾಟಿದ ಜಾಗದಲ್ಲಿ ಅವರು ನಿಂತು ನೋಡಿದರು. ಒಂದು ಸಂಜೆ ಹೊಲಿಗೆ ಯಂತ್ರ ನಿಲ್ಲಿಸಿ ಹೇಳಿದರು: "ಅಂವಾ ನೋಡಿದ, ಗಾಬರಿ ಆದ. ಏನ್ ನೋಡಿದ ಅಂತ ಹೇಳ್ಲಿಲ್ಲ ನೋಡವ್ವ. ಅಂವಗ ಗೊತ್ತದ, ಬರ್ದಾಂವಗ ಗೊತ್ತದ, ನನಗಷ್ಟೇ ಗೊತ್ತಿಲ್ಲ. ಇದ್ಯಾವ ನ್ಯಾಯ?"

ಆ ಮಾತು ಕೇಳಿ ನಾನು ಪುಸ್ತಕ ಮತ್ತೆ ತೆರೆದೆ. ನಿಜವೇ. ಪಾತ್ರದ ಕಣ್ಣಿಗೆ ಬಿದ್ದದ್ದನ್ನು ನಮ್ಮಿಂದ ಮುಚ್ಚಿಟ್ಟು, ದೃಶ್ಯ ಬೇರೆ ಕಡೆ ಹೊರಳಿಬಿಡುತ್ತದೆ. ಎರಡನೇ ಓದಿನಲ್ಲಿ ಮುಚ್ಚಿಟ್ಟದ್ದು ಏನೆಂದು ಗೊತ್ತಿರುವುದರಿಂದ ಆ ಪುಟಗಳಲ್ಲಿ ನಮಗೆ ಕೆಲಸವೇ ಉಳಿಯುವುದಿಲ್ಲ. ನಾನು ಎರಡನೇ ಸಲ ಅರ್ಧಕ್ಕೇ ಬಿಟ್ಟೆ.

ಕಾಕಾಗೆ ಸಿಕ್ಕ ಸಂತೋಷ ಬೇರೆಯದು. ನೆಲದ ಮೇಲಿನ ಅಂಕಿಗಳು 13-3-2-21-1-1-8-5. ಜೋಡಿಸಿದರೆ 1, 1, 2, 3, 5, 8, 13, 21. ಹಿಂದಿನ ಎರಡು ಕೂಡಿಸಿದರೆ ಮುಂದಿನದು ಬರುವ ಫಿಬೊನಾಚಿ ಸರಣಿ. ಕಾಕಾ ಗೋಡೆಯ ಕ್ಯಾಲೆಂಡರಿನ ಹಳೆ ಹಾಳೆ ಹರಿದು, ಹಿಂದುಗಡೆ ಲಘು ಗುರು ಗುರುತು ಹಾಕತೊಡಗಿದರು. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ನಾಲ್ಕು ಮಾತ್ರೆಯ ಗಣವನ್ನು ಎಷ್ಟು ಬಗೆಯಲ್ಲಿ ಕಟ್ಟಬಹುದು? ಗುರು-ಗುರು. ಗುರು-ಲಘು-ಲಘು. ಲಘು-ಗುರು-ಲಘು. ಲಘು-ಲಘು-ಗುರು. ನಾಲ್ಕೂ ಲಘು. ಒಟ್ಟು ಐದು. ಮೂರು ಮಾತ್ರೆಗೆ ಮೂರು ಬಗೆ, ಐದು ಮಾತ್ರೆಗೆ ಎಂಟು. ಮಗಳು ಬೆರಳು ಮಡಿಸಿ ಎಣಿಸಿದಳು, ಸರಿಯಾಗಿ ಎಂಟೇ ಬಂತು. ಮೂರು, ಐದು, ಎಂಟು, ಅದೇ ಸರಣಿ. ಹತ್ತನೇ ಕ್ಲಾಸಿನಲ್ಲಿ ನಾವೆಲ್ಲ ಪ್ರಸ್ತಾರ ಹಾಕಿದ ಛಂದಸ್ಸೇ ಇದು. ಇಟಲಿಯ ಫಿಬೊನಾಚಿ ತನ್ನ ಗ್ರಂಥ ಬರೆದದ್ದು 1202ರಲ್ಲಿ. ಅದಕ್ಕೂ ಮೊದಲು, 12ನೇ ಶತಮಾನದಲ್ಲೇ ಜೈನ ವಿದ್ವಾಂಸ ಹೇಮಚಂದ್ರ ಇದೇ ಲೆಕ್ಕವನ್ನು ಛಂದಸ್ಸಿನಲ್ಲಿ ಹೇಳಿದ್ದ. ಆ ಹಾಳೆಯನ್ನು ಮಗಳು ತನ್ನ ಪುಸ್ತಕದೊಳಗೆ ಇಟ್ಟುಕೊಂಡಿದ್ದಾಳೆ. ಹೀಗೆ ಓದುಗನನ್ನು ಪುಸ್ತಕದಾಚೆಗೆ ಕಳಿಸುವ ಶಕ್ತಿ ಡಾ ವಿಂಚಿ ಕೋಡ್‌ಗೆ ಇದೆ.

ಹಾಗೆ ಆಚೆ ಹೋದಾಗಲೇ ಅದರ ಕಷ್ಟವೂ ಶುರುವಾಗುತ್ತದೆ. ಕಥೆ ಶುರುವಾಗುವ ಮೊದಲೇ ಒಂದು ಪುಟದಲ್ಲಿ 'ಇದು ವಾಸ್ತವ' ಎಂಬ ತಲೆಬರಹ ಹಾಕಿ, ಪ್ರಯರಿ ಆಫ್ ಸಯಾನ್ ಎಂಬ ಗುಪ್ತಸಂಘ 1099ರಲ್ಲಿ ಸ್ಥಾಪನೆಯಾದ ನಿಜವಾದ ಸಂಸ್ಥೆ ಎಂದು ಹೇಳಲಾಗಿದೆ. ಕಲೆ, ಕಟ್ಟಡ, ದಾಖಲೆಗಳ ವಿವರಣೆಯೆಲ್ಲ ನಿಖರ ಎಂದೂ ಇದೆ. ಆದರೆ ಆ ಹೆಸರಿನ ಸಂಘವನ್ನು ಪಿಯರ್ ಪ್ಲಾಂಟಾರ್ ಎಂಬಾತ ಫ್ರಾನ್ಸಿನಲ್ಲಿ ನೋಂದಾಯಿಸಿದ್ದು 1956ರಲ್ಲಿ. ಹಳೆಯದೆಂದು ತೋರಿಸಲು ಬೇಕಾದ ಖೊಟ್ಟಿ ಕಾಗದಗಳನ್ನು 1960ರ ದಶಕದಲ್ಲಿ ಅಲ್ಲಿನ ರಾಷ್ಟ್ರೀಯ ಗ್ರಂಥಾಲಯದಲ್ಲಿ ತಂದಿಡಲಾಗಿತ್ತು. ಲೂವ್ರ್ ಮುಂದಿನ ಗಾಜಿನ ಪಿರಮಿಡ್ಡಿಗೆ 666 ಗಾಜು ಅನ್ನುತ್ತದೆ ಕಾದಂಬರಿ. ಮಗಳು ಹುಡುಕಿದಳು. ಮ್ಯೂಸಿಯಂ ಕೊಡುವ ಲೆಕ್ಕ 673.

ಗಾಜಿನ ಲೆಕ್ಕ ತಪ್ಪಿದರೆ ಯಾರಿಗೂ ನೋವಿಲ್ಲ. ಬೀದರಿನ ಗೆಳತಿಗೆ ಆದದ್ದು ಬೇರೆ. ಆಕೆ ದಿನಾ ರಾತ್ರಿ ಕನ್ನಡ ಬೈಬಲ್ ಓದಿ ಮಲಗುವವಳು. ಲಿಯೊನಾರ್ಡೊನ ಕೊನೆಯ ಊಟದ ಚಿತ್ರದಲ್ಲಿ ಯೇಸುವಿನ ಪಕ್ಕ ಕೂತದ್ದು ಮಗ್ದಲದ ಮರಿಯಳು, ಆಕೆ ಆತನ ಹೆಂಡತಿ ಎಂದು ಬರುವ ಅಧ್ಯಾಯದಲ್ಲಿ ಗೆಳತಿ ಪುಸ್ತಕ ಕೆಳಗಿಟ್ಟಳು. ಕಲೆಯ ಇತಿಹಾಸಕಾರರು ಅದು ಯೇಸುವಿನ ಶಿಷ್ಯ ಯೋಹಾನ ಎನ್ನುತ್ತಾರೆ. ಗಡ್ಡವಿಲ್ಲದ ಎಳೆಯ ಹುಡುಗನಾಗಿ ಯೋಹಾನನನ್ನು ಬರೆಯುವುದು ಆ ಕಾಲದ ರೂಢಿ. ಆಕೆ ಜಗಳ ಮಾಡಲಿಲ್ಲ, ಪುಸ್ತಕ ಎಸೆಯಲಿಲ್ಲ. "ಕತಿ ಅಂತ ಬರೀಲಿ, ನಾನೂ ಓದ್ತೀನಿ. ಮೊದಲ್ನೇ ಪುಟದಾಗ ಖರೇ ಅಂತ ಯಾಕ್ ಬರ್ದಾರ?" ಅಂದಳು. ಮೂರು ತಿಂಗಳಲ್ಲಿ ನಾವು ಆಡಿದ ಮಾತುಗಳಲ್ಲಿ ಇದೇ ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು. ಸಂಚಿನ ಕಥೆ ಓದುವವನು ಲೇಖಕನ ಕೈ ಹಿಡಿದು ಕತ್ತಲಲ್ಲಿ ನಡೆಯುತ್ತಾನೆ. ಆ ನಂಬಿಕೆಯನ್ನು ಮೊದಲ ಪುಟದಲ್ಲೇ ಹೀಗೆ ಬಳಸಿಕೊಳ್ಳುವುದು ನನಗೆ ಸರಿ ಕಾಣಲಿಲ್ಲ.

ಇನ್ನು ಜುಗಾರಿ ಕ್ರಾಸ್. ನಾನು ಇದನ್ನು ಕಾಲೇಜಿನಲ್ಲಿದ್ದಾಗ ಓದಿದ್ದೆ, ಉಳಿದ ನಾಲ್ವರಿಗೂ ಹೊಸದು. ಡಾ ವಿಂಚಿ ಕೋಡ್ ಜೊತೆ ಇಟ್ಟು ನೋಡಿದರೆ ಹೋಲಿಕೆ ಎದ್ದು ಕಾಣುತ್ತದೆ. ಅಲ್ಲಿ ಬಹುಪಾಲು ಒಂದು ರಾತ್ರಿ ಮತ್ತು ಮರುದಿನದ ಕಥೆ, ಇಲ್ಲಿ 24 ಗಂಟೆ. ಅಲ್ಲಿ ಒಬ್ಬ ಪ್ರೊಫೆಸರ್ ಮತ್ತು ಪೊಲೀಸ್ ಇಲಾಖೆಯ ಹೆಣ್ಣುಮಗಳು, ಇಲ್ಲಿ ಏಲಕ್ಕಿ ಮಾರಲು ಬಂದ ರೈತ ದಂಪತಿ, ಸುರೇಶ ಮತ್ತು ಗೌರಿ. ಅಲ್ಲಿ ಚಿತ್ರಗಳಲ್ಲಿ ಗುಟ್ಟು, ಇಲ್ಲಿ ಹಳೆ ಕನ್ನಡ ಕಾವ್ಯದಲ್ಲಿ. ಕಾವ್ಯದೊಳಗೆ ಗುಟ್ಟು ಅಂದಕೂಡಲೇ ಕಾಕಾ ನೆಟ್ಟಗೆ ಕೂತರು. ಗೋಮೂತ್ರಿಕಾ ಬಂಧ, ಪದ್ಮಬಂಧ ಅಂತ ಅಕ್ಷರಗಳನ್ನು ಆಕಾರದಲ್ಲಿ ಕೂರಿಸಿ ಪದ್ಯ ಕಟ್ಟುವ ಚಿತ್ರಕಾವ್ಯ ನಮ್ಮ ಕವಿಗಳಿಗೆ ಹೊಸದಲ್ಲವಲ್ಲ. ಕವಿರಾಜಮಾರ್ಗ ಹುಟ್ಟಿದ ಮಳಖೇಡ ನಮ್ಮ ಮನೆಯಿಂದ ಸುಮಾರು 40 ಕಿಲೋಮೀಟರ್. ಹಳಗನ್ನಡದ ಒಂದು ಪದ್ಯಕ್ಕಾಗಿ ಜನ ಬೆನ್ನಟ್ಟುತ್ತಾರೆ ಅಂದರೆ ಈ ಊರಿನವರಿಗೆ ಮೈ ಜುಂ ಅನ್ನದೆ ಇರುತ್ತದೆಯೇ?

ಓಡಿಸುವ ರೀತಿ ಮಾತ್ರ ಪೂರ್ತಿ ತಿರುವುಮುರುವು. ಡಾ ವಿಂಚಿಯಲ್ಲಿ ಪಾತ್ರಕ್ಕೆ ಗೊತ್ತಿದ್ದದ್ದು ನಮಗೆ ಗೊತ್ತಿಲ್ಲ. ಜುಗಾರಿ ಕ್ರಾಸಿನಲ್ಲಿ ನಮಗೆ ಗೊತ್ತಿದ್ದದ್ದು ಸುರೇಶ ಗೌರಿಗೆ ಗೊತ್ತಿಲ್ಲ. ಆ ಕೂಡುರಸ್ತೆಯಲ್ಲಿ ಯಾರು ಯಾರಿಗೆ ಏನು ಸಾಗಿಸುತ್ತಿದ್ದಾರೆ ಅಂತ ನಾವು ನೋಡುತ್ತಿರುತ್ತೇವೆ, ಅವರಿಬ್ಬರು ತಮ್ಮ ಪಾಡಿಗೆ ಮಾತಾಡಿಕೊಂಡು ಅದರೊಳಗೇ ನಡೆಯುತ್ತಿರುತ್ತಾರೆ. ಅಕ್ಕ ಓದುತ್ತ ಓದುತ್ತ ಗಟ್ಟಿಯಾಗಿ "ಹೋಗಬ್ಯಾಡ್ರೋ ಆ ಕಡಿ!" ಅಂದದ್ದು ನಮ್ಮ ಮನೆಗೆ ಕೇಳಿಸಿತು. ಅವರು ಮಲೆನಾಡನ್ನು ಕಣ್ಣಾರೆ ಕಂಡವರಲ್ಲ. ನಮ್ಮದು ತೊಗರಿ, ಬಿಳಿಜೋಳದ ಬಯಲು. ನೆರಳಿಗೆ ಬೇವಿನ ಮರ ಹುಡುಕುವ ಊರು. ಆದರೂ ಒಂದೇ ಮಧ್ಯಾಹ್ನ, ಒಂದೇ ರಾತ್ರಿಯಲ್ಲಿ ಮುಗಿಸಿದರು. ತಮ್ಮ ಭಾಷೆಯಲ್ಲಿ ಓದಿದಾಗ ಎಷ್ಟು ವೇಗ ನೋಡಿ. ಹಾಗಾಗಿ 'ವೇಗದ ಕಾದಂಬರಿ' ಅಂದಾಗ ಆ ವೇಗದಲ್ಲಿ ಪುಸ್ತಕದ ಪಾಲು ಎಷ್ಟು, ಓದುವವರ ಭಾಷೆಯ ಪಾಲು ಎಷ್ಟು ಅಂತ ಬಿಡಿಸಿ ನೋಡಬೇಕು. ಅಕ್ಕನಿಗೆ ಡಾ ವಿಂಚಿ ಒಂದು ತಿಂಗಳ ನಿಧಾನ ಪುಸ್ತಕ.

ವಾರ ಬಿಟ್ಟು ಕಥೆ ಹೇಳುವ ಪರೀಕ್ಷೆಯಲ್ಲಿ ಜುಗಾರಿ ಕ್ರಾಸ್ ದೂರ ಮುಂದೆ ಹೋಯಿತು. ಡಾ ವಿಂಚಿಯಲ್ಲಿ ಬೀಗ, ಪೆಟ್ಟಿಗೆ, ಚರ್ಚುಗಳ ಸಾಲು ಎಲ್ಲರಿಗೂ ಕಲಸಿಹೋಗಿತ್ತು. ಯಾವುದು ಮೊದಲು ಯಾವುದು ಆಮೇಲೆ ಅಂತ ಮಗಳೂ ತಡವರಿಸಿದಳು. ಜುಗಾರಿ ಕ್ರಾಸಿನಲ್ಲಿ ಮನುಷ್ಯರು ನೆನಪಿನಲ್ಲಿ ಉಳಿದಿದ್ದರು. ಮಗಳಿಗೆ ಒಂದು ದೂರಿದೆ: ಮುಕ್ತಾಯದಲ್ಲಿ ಎಲ್ಲ ಗಂಟೂ ಬಿಚ್ಚಬೇಕಿತ್ತು ಅಂತ. ನಾನು ಒಪ್ಪುವುದಿಲ್ಲ. ಮುಕ್ತಾಯ ಇಲ್ಲಿ ಹೇಳುವುದೂ ಇಲ್ಲ. ಆದರೆ ಕಾಡು, ಕಳ್ಳಸಾಗಣೆ, ಬೆಳೆದವನಿಗೆ ಸಿಗದ ದುಡ್ಡು, ಇವು ಒಂದು ಪುಸ್ತಕದ ಕೊನೆಯ ಪುಟದಲ್ಲಿ ಮುಗಿಯುವ ಸಂಗತಿಗಳಲ್ಲ ಅಲ್ವಾ?

ಕನಕ ಮುಸುಕು ಬಗ್ಗೆ ಕಡಿಮೆ ಹೇಳುತ್ತೇನೆ, ಯಾಕೆಂದರೆ ಅದನ್ನು ಪೂರ್ತಿ ಪ್ರೀತಿಯಿಂದ ಓದಿದವರು ನಾನು ಮತ್ತು ಕಾಕಾ ಇಬ್ಬರೇ. ಲೇಖಕರು ಕೃಷಿ ವಿಜ್ಞಾನಿ. ಹೊಯ್ಸಳ ಶಿಲ್ಪಗಳ ಕೈಯಲ್ಲಿ ಮೆಕ್ಕೆಜೋಳದಂತೆ ಕಾಣುವ ತೆನೆ ಇದೆ. ಅಂಥ ಶಿಲ್ಪಗಳಿರುವ ಸೋಮನಾಥಪುರದ ಗುಡಿ 13ನೇ ಶತಮಾನದ್ದು. ಮೆಕ್ಕೆಜೋಳ ಅಮೆರಿಕದ ಬೆಳೆ, ಕೊಲಂಬಸ್ ಅಲ್ಲಿಗೆ ಹೋದದ್ದೇ 1492ರಲ್ಲಿ. ಹಾಗಾದರೆ ತೆನೆ ಬಂದದ್ದೆಲ್ಲಿಂದ? ಪ್ರಶ್ನೆ ಕಾದಂಬರಿಗಾಗಿ ಹುಟ್ಟಿಸಿದ್ದಲ್ಲ. 1989ರಲ್ಲಿ ಇಬ್ಬರು ಅಮೆರಿಕನ್ ಸಂಶೋಧಕರು ಅದು ಮೆಕ್ಕೆಜೋಳವೇ ಎಂದು ಬರೆದರು, ಅಲ್ಲವೆಂದು ವಾದಿಸಿದ ವಿಜ್ಞಾನಿಗಳೂ ಇದ್ದಾರೆ. ಅಕ್ಕನಿಗೆ ಹೆಸರೇ ಮೊದಲು ಅರ್ಥವಾಗಲಿಲ್ಲ. ದಕ್ಷಿಣದ ಕಡೆ ಮುಸುಕಿನ ಜೋಳ ಅನ್ನುತ್ತಾರೆ, ಇಲ್ಲಿ ಯಾರೂ ಹಾಗೆ ಕರೆಯುವುದಿಲ್ಲ. "ಮೆಕ್ಕಿಜ್ವಾಳ ಅಂದಿದ್ರ ಆವಾಗೇ ತಿಳೀತಿತ್ತು" ಅಂದರು.

ಗಣೇಶಯ್ಯನವರ ಬರವಣಿಗೆಯಲ್ಲಿ ನನಗೆ ಹಿಡಿಸುವುದು ಆಧಾರ ಕೊಡುವ ಅಭ್ಯಾಸ. ಓದುಗ ಬೇಕಾದರೆ ಹೋಗಿ ನೋಡಿಕೊಳ್ಳಬಹುದು. ಓಟ ಮಾತ್ರ ಆಗಾಗ ನಿಲ್ಲುತ್ತದೆ, ಪಾತ್ರಗಳು ಪಾಠ ಹೇಳುತ್ತ ನಿಂತುಬಿಡುತ್ತವೆ. ಮಗಳು ನೂರನೇ ಪುಟದ ಆಸುಪಾಸು ಬಿಟ್ಟು ಆಮೇಲೆ ಮುಗಿಸಿದಳು. ಗೆಳತಿಗೆ ನೈಟ್ ಡ್ಯೂಟಿ ಇತ್ತು, ಆಕೆಯದು ಮುಗಿಯಲೇ ಇಲ್ಲ.

ಯಾರಾದರೂ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ರಾತ್ರಿಯಿಡೀ ಬೆಂಗಳೂರಿಗೆ ಹೋಗುವವರು, ಇಂಗ್ಲಿಷ್ ಸಲೀಸಾಗಿ ಓದುವವರು ಕೇಳಿದರೆ ನಾನು ಡಾ ವಿಂಚಿ ಕೋಡನ್ನೇ ಕೊಡುತ್ತೇನೆ. 'ವಾಸ್ತವ' ಎಂಬ ಆ ಪುಟವನ್ನೂ ಕಥೆ ಅಂತಲೇ ಓದಿ ಎಂದು ಹೇಳಿ ಕೊಡುತ್ತೇನೆ. ಗುಡಿ, ಶಾಸನ, ಹಳೆ ಕಲ್ಲುಗಳ ಹುಚ್ಚು ಇರುವವರಿಗೆ ಕನಕ ಮುಸುಕು. ಮನೆಯಲ್ಲಿ ಇಟ್ಟುಕೊಳ್ಳಲು ಒಂದೇ ಅಂದರೆ ಜುಗಾರಿ ಕ್ರಾಸ್, ಅದರಲ್ಲಿ ನನಗೆ ಎರಡನೇ ಯೋಚನೆ ಇಲ್ಲ.

ಕೊನೆಯ ಸಲ ಸೇರಿದ ದಿನ ಮಗಳು, ನಮ್ಮ ಕಡೆ ಇಂಥ ಗುಟ್ಟು ಏನೂ ಇಲ್ಲವಾ ಅಂತ ಕೇಳಿದಳು. ಕಾಕಾ ಸನ್ನತಿಯ ಕಥೆ ಹೇಳಿದರು. ನಮ್ಮದೇ ಜಿಲ್ಲೆ, ಭೀಮಾ ನದಿಯ ದಂಡೆ. ಚಂದ್ರಲಾಂಬೆಯ ಗುಡಿಯ ಆವರಣದಲ್ಲಿದ್ದ ಕಾಳಿ ಗುಡಿಯ ಮಾಳಿಗೆ 1986ರಲ್ಲಿ ಕುಸಿದು ಮೂರ್ತಿ ಒಡೆಯಿತು. ಮೂರ್ತಿಯ ಕೆಳಗೆ ಪೀಠವಾಗಿ ಇದ್ದ ಕಲ್ಲನ್ನು ನೋಡಿದರೆ ಅದರ ತುಂಬ ಬ್ರಾಹ್ಮಿ ಅಕ್ಷರ. ಅಶೋಕನ ಶಾಸನ. ಎರಡು ಸಾವಿರ ವರ್ಷಕ್ಕೂ ಹಳೆಯ ಅಪ್ಪಣೆಯ ಮೇಲೆ ದೇವಿ ಕೂತಿದ್ದಳು, ಜನ ಬಂದು ಕೈಮುಗಿದು ಹೋಗುತ್ತಿದ್ದರು. ಕಾಕಾ ಫೋನಿನಲ್ಲಿ ಅದರ ಫೋಟೊ ದೊಡ್ಡದು ಮಾಡಿ ತೋರಿಸಿದರು. ನಡುವೆ ಮೂರ್ತಿ ಕೂರಿಸಲು ಕೊರೆದ ಚೌಕಾಕಾರದ ತೂತು, ಆ ಜಾಗದ ಸಾಲುಗಳೆಲ್ಲ ಹೋಗಿವೆ.

ಅಕ್ಕ ಬಹಳ ಹೊತ್ತು ಆ ತೂತನ್ನೇ ನೋಡಿದರು. "ಕೊರದಾಂವಗ ಓದಾಕ ಬರ್ತಿತ್ತೇನ್ರಿ ಕಾಕಾ?" ಅಂದರು.

ಬರುವ ರವಿವಾರ ಬೆಳಿಗ್ಗೆ ಆರಕ್ಕೆ, ಬಿಸಿಲು ಏರುವ ಮೊದಲು, ಐದೂ ಮಂದಿ ಸನ್ನತಿಗೆ ಹೊರಟಿದ್ದೇವೆ. ಗೆಳತಿ ರಜೆ ಹಾಕಿದ್ದಾಳೆ.